ಕಬ್ಬಿಣದ ಗುಲಾಬಿಯ ಮೇಲೆ ಟ್ರಿಫೀನಾ

ಟ್ರಿಫೀನಾ ಗ್ಯಾಸ್ಕಿನ್ ಮೊದಲ ಸಲ ರಂಗದ ಮೇಲೆ ಬಂದದ್ದು ತಾಯಿಯ ಕಂಕುಳಲ್ಲಿ. ನಾಟಕದಲ್ಲಿ ಹಡಗು ಒಡೆದು ದಡಕ್ಕೆ ಬಿದ್ದ ರಾಣಿಯ ಕೂಸು ಅವಳು. ಆ ಕೂಸಿಗೆ ಯಾವಾಗಲೂ ಹೊಟ್ಟು ತುಂಬಿದ ಬೊಂಬೆಯೇ ಸಾಕಾಗುತ್ತಿತ್ತು, ಆದರೆ ಆ ವಾರ ಬೊಂಬೆಯನ್ನು ಇಲಿ ತಿಂದು ಹಾಕಿತ್ತು. ತಾಯಿ ಎದೆ ಬಡಿದುಕೊಂಡು ಗೋಳಾಡುತ್ತಿದ್ದರೆ ಮಗಳು ದೀಪಗಳ ಸಾಲನ್ನು ನೋಡಿ ಕೇಕೆ ಹಾಕಿ ನಕ್ಕಳು. ಜನವೂ ನಕ್ಕಿತು. ಮಾರನೆಯ ದಿನ ಹೊಸ ಬೊಂಬೆ ಹೊಲಿಸಿದರು.

ಈ ಕಥೆಯನ್ನು ಟ್ರಿಫೀನಾ ತಾನೇ ಕಂಡವಳ ಹಾಗೆ ಹೇಳುತ್ತಿದ್ದಳು. ಕೊನೆಯಲ್ಲಿ, "ನೋಡು ಪೆಕ್ಕಮ್ಮ, ಜನದ ಮುಂದೆ ನಾನು ಬಾಯಿ ಬಿಟ್ಟದ್ದು ಅದೊಂದೇ ಸಲ. ಅದಕ್ಕೂ ಕೆಲಸ ಕಳಕೊಂಡೆ," ಎಂದು ನನಗೆ ಹೇಳುತ್ತಿದ್ದಳು.

ಹಲ್ ಎಂಬ ಬಂದರುಪಟ್ಟಣದ ಟ್ರೈಟನ್ ನಾಟಕಶಾಲೆಯಲ್ಲಿ ನಾನು ಬಟ್ಟೆಕೋಣೆಯವಳು. ನನ್ನ ಗಂಡ ಏಬೆಲ್ ಪೆಕ್ ಅನಿಲದೀಪಗಳನ್ನು ನೋಡಿಕೊಳ್ಳುತ್ತಿದ್ದರು. ಟ್ರಿಫೀನಾ ಯಾವ ಯಾವ ವೇಷ ಹಾಕಿದಳು ಎಂಬುದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಅವೆಲ್ಲಕ್ಕೂ ಗುಂಡಿ ಹಾಕಿದವಳು ನಾನು. ಚಿಕ್ಕವಳಿದ್ದಾಗ ಅವಳು ಅಲೆ: ನೀಲಿ ಬಟ್ಟೆಯ ಕೆಳಗೆ ಮಕ್ಕಳನ್ನು ಬಿಟ್ಟು ಅಂಬೆಗಾಲಿನಲ್ಲಿ ಓಡಾಡಿಸಿದರೆ ಮೇಲೆ ಸಮುದ್ರ ಕಾಣುತ್ತದೆ. ಆಮೇಲೆ ಇಲಿ, ಆಮೇಲೆ ಮರಿದೆವ್ವ, ಆಮೇಲೆ ಎರಡು ಚಳಿಗಾಲ ಕತ್ತೆಯ ಹಿಂಭಾಗ. ಕತ್ತೆಯ ಮುಂಭಾಗಕ್ಕೆ "ಹೀ ಹಾ" ಎನ್ನುವ ಮಾತಿತ್ತು, ಹಿಂಭಾಗಕ್ಕೆ ಅದೂ ಇರಲಿಲ್ಲ. ಬೆಳೆದ ಮೇಲೆ ಅವಳು ಹಗ್ಗಕ್ಕೆ ನೇತಾಡಿಕೊಂಡು ಹಾರುವ ಯಕ್ಷಿ.

ಒಮ್ಮೆ ಒಬ್ಬಳಿಗೆ ಜ್ವರ ಬಂದು ಟ್ರಿಫೀನಾಳಿಗೆ ದಾಸಿಯ ವೇಷ ಸಿಕ್ಕಿತು. ಅದಕ್ಕೊಂದು ಮಾತಿತ್ತು: "ಗಾಡಿ ಬಂದು ನಿಂತಿದೆ, ಸ್ವಾಮಿ." ವಾರವಿಡೀ ಅದನ್ನು ಬೀದಿಯ ಬೆಕ್ಕಿಗೆ, ಮೀನಿನ ಬುಟ್ಟಿಗೆ, ನನ್ನ ಇಸ್ತ್ರಿಪೆಟ್ಟಿಗೆಗೆ ಹೇಳಿ ಹೇಳಿ ಹದ ಮಾಡಿಕೊಂಡಳು. ಆ ದಿನ ಅವಳು ಬಾಗಿಲು ತೆರೆದು ಉಸಿರು ಎಳೆದುಕೊಳ್ಳುವಷ್ಟರಲ್ಲಿ, ಎರಡು ಲೋಟ ಹೆಚ್ಚಿಗೆ ಕುಡಿದಿದ್ದ ಕಥಾನಾಯಕ ಕಿಟಕಿಯತ್ತ ಕೈ ತೋರಿಸಿ, "ಓಹೋ, ಗಾಡಿ ಬಂದು ನಿಂತಿದೆ!" ಎಂದು ತಾನೇ ಹೇಳಿಬಿಟ್ಟ. ಟ್ರಿಫೀನಾ ತೆರೆದ ಬಾಯಿಯಲ್ಲೇ ಬಾಗಿಲು ಮುಚ್ಚಿಕೊಂಡು ಒಳಗೆ ಬಂದಳು.

"ಸಿಕ್ಕ ಒಂದು ಮಾತನ್ನೂ ಆ ಹಂದಿ ತಿಂದ್ಬಿಟ್ಟ!" ಎಂದು ನನ್ನ ಬಟ್ಟೆಗಂಟಿನ ಮೇಲೆ ಕುಕ್ಕರಿಸಿದಳು. ಅಳುತ್ತಾಳೆಂದುಕೊಂಡೆ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಮೂವತ್ತು ದಾಟಿ ಎಷ್ಟೋ ವರ್ಷವಾದರೂ ಅವಳ ಆಸೆ ಅದೊಂದೇ. ಹಾಡುವ ರಾಣಿಯಾಗಬೇಕೆಂದಲ್ಲ, ಲಂಡನ್ನಿಗೆ ಹೋಗಬೇಕೆಂದಲ್ಲ. ತುಂಬಿದ ಸಭೆಯ ಮುಂದೆ ನಿಂತು, ತನ್ನದೇ ಆದ ಒಂದು ಮಾತನ್ನು ಮೊದಲಿನಿಂದ ಕೊನೆಯವರೆಗೆ ಹೇಳಬೇಕು. ಅಷ್ಟೆ.

ಆ ವರ್ಷ ಕ್ರಿಸ್‌ಮಸ್ಸಿನ ದೊಡ್ಡ ಆಟ 'ಚಿನ್ನದ ಹೆರಿಂಗು', ಹೆರಿಂಗು ಎಂದರೆ ನಮ್ಮ ಬಂದರಿನ ಮೀನು. ಯಕ್ಷಿರಾಣಿಯ ಪಾತ್ರಕ್ಕೆಂದು ಕರೆಸಿದ್ದ ಮಿಸ್ ಡೆಲಮೇರ್, ಹಬ್ಬ ಹತ್ತಿರ ಬಂದಾಗ ಹಡಗು ಎಳೆಯುವ ದೋಣಿಯ ಕಪ್ತಾನನೊಬ್ಬನ ಜೊತೆ ಓಡಿಹೋದಳು. ಯಕ್ಷಿರಾಣಿಯ ಕೆಲಸ ಹೀಗೆ: ಕೊನೆಯಲ್ಲಿ ಪರದೆಗಳೆಲ್ಲ ಒಂದೊಂದಾಗಿ ಮೇಲೇರಿ ರಂಗವೇ ಹೊಳೆಯುವ ಲೋಕವಾಗುವಾಗ, ಅವಳು ಎಲ್ಲರಿಗಿಂತ ಎತ್ತರದಲ್ಲಿ, ಕಬ್ಬಿಣದ ಕಂಬಿಗೆ ಕಟ್ಟಿದ ಗುಲಾಬಿಯೊಳಗೆ ನಿಂತಿರಬೇಕು. ಸೊಂಟಕ್ಕೆ ತೊಗಲಿನ ಪಟ್ಟಿ. ಅಲ್ಲಿಂದ ಆಟದ ಕೊನೆಯ ಎರಡು ಸಾಲು ಹೇಳಬೇಕು. ಗುಲಾಬಿ ಮೆಲ್ಲಗೆ ಕೆಳಗಿಳಿಯುತ್ತದೆ, ತೆರೆ ಬೀಳುತ್ತದೆ.

ಯಜಮಾನರು ಇದ್ದಬದ್ದ ನಟಿಯರನ್ನೆಲ್ಲ ಗುಲಾಬಿಗೆ ಹತ್ತಿಸಿ ನೋಡಿದರು. ಒಬ್ಬಳು ಕಿರುಚಿದಳು, ಒಬ್ಬಳು ಕೆಳಗಿದ್ದವರ ಟೋಪಿಯ ಮೇಲೆ ಮಧ್ಯಾಹ್ನದ ಬಟಾಣಿ ಗಂಜಿಯನ್ನು ಕಕ್ಕಿದಳು. ಮಾತಾಡಬಲ್ಲವರಿಗೆ ನೇತಾಡಲು ಬರುತ್ತಿರಲಿಲ್ಲ, ನೇತಾಡಬಲ್ಲವರಿಗೆ ಮಾತಿನ ಅಭ್ಯಾಸವಿರಲಿಲ್ಲ. ಕೊನೆಗೆ ಅವರ ಕಣ್ಣು ಟ್ರಿಫೀನಾಳ ಮೇಲೆ ಬಿತ್ತು.

ಯಜಮಾನರ ಹೆಸರು ಬಾಗಿಲ ಮೇಲಿನ ಹಲಗೆಯಲ್ಲಿ ಓರ್ಲಾಂಡೋ ಮಾಂಟ್‌ಫರ್ಡ್. ಹೆತ್ತವರು ಇಟ್ಟದ್ದು ಜಾಬ್ ಮಡ್. ತಲೆ ನುಣ್ಣಗೆ, ಹೊಟ್ಟೆ ಗುಂಡಗೆ, ದನಿ ಮಾತ್ರ ರಾಜನದು.

"ಕೇಳು ಟ್ರಿಫಿ," ಎಂದರು. "ಆ ಎರಡು ಸಾಲು ಸರಿಯಾಗಿ ಹೇಳಿ ಜನಾನ ಖುಷಿಯಾಗಿ ಮನೆಗೆ ಕಳಿಸ್ದೆ ಅಂದ್ರೆ, ಈಸ್ಟರ್‌ನಿಂದ ನಿಂಗೆ ಮಾತಿರೋ ಪಾತ್ರ. ಕೆಡಿಸ್ದೆ ಅಂದ್ರೆ ಸೀದಾ ಬಟ್ಟೆಕೋಣೆ, ಪೆಕ್ಕಮ್ಮನ ಜೊತೆ ಕೂತು ಗುಂಡಿ ಹೊಲಿ. ಗಾಳೀಲಿ ನೇತಾಡೋಕೆ ಮುಂದಿನ ವರ್ಷದಿಂದ ಎಳೇ ಹುಡುಗೀರನ್ನೇ ತರೋದು."

"ಗುಂಡಿ ಹೊಲಿಯೋಕೆ ನಂಗೆ ಬರಲ್ಲ ಯಜಮಾನ್ರೇ."

"ಹಾಗಾದ್ರೆ ಸಾಲು ಸರಿಯಾಗಿ ಹೇಳು."

ಇಷ್ಟೇ ಆಗಿದ್ದರೆ ಬರೆಯುವಂಥದ್ದು ಏನೂ ಇರುತ್ತಿರಲಿಲ್ಲ. ಆದರೆ ನಾಟಕದವರಲ್ಲಿ ಒಂದು ಕಟ್ಟಳೆ ಇದೆ. ಆಟದ ಕೊನೆಯ ಸಾಲನ್ನು ಮೊದಲ ಪ್ರದರ್ಶನಕ್ಕೆ ಮುಂಚೆ ಯಾರೂ ಬಾಯಿಬಿಟ್ಟು ಹೇಳಬಾರದು. ತಾಲೀಮಿನಲ್ಲೂ ಇಲ್ಲ, ಮನೆಯಲ್ಲೂ ಇಲ್ಲ, ನಿದ್ದೆಯಲ್ಲೂ ಇಲ್ಲ. ಹೇಳಿದರೆ ಆಟ ಮುಗಿದುಹೋದ ಹಾಗೆ. ಮುಗಿದ ಆಟವನ್ನು ನೋಡಲು ಯಾರು ಬರುತ್ತಾರೆ?

ಹುಟ್ಟಿದಂದಿನಿಂದ ಒಂದು ಮಾತಿಗೆ ಕಾದವಳಿಗೆ ಸಿಕ್ಕಿದ್ದು, ಹೇಳಬಾರದ ಮಾತು.

ಮೊದಲ ಕಷ್ಟ ಓದುವುದು. ಅವಳಿಗೂ ನನಗೂ ಇದ್ದದ್ದು ಅಕ್ಷರ ಕೂಡಿಸಿಕೊಂಡು ಓದುವಷ್ಟು ವಿದ್ಯೆ. ಹಾಗೆ ಓದುವವರಿಗೆ ಬಾಯಿ ಬೇಕೇ ಬೇಕು, ತುಟಿ ಆಡಿಸದೆ ಅಕ್ಷರ ಕೂಡುವುದಿಲ್ಲ. ಬಟ್ಟೆಕೋಣೆಯ ಬಾಗಿಲು ಹಾಕಿಕೊಂಡು, ಇಬ್ಬರೂ ಬಾಯಿಗೆ ದೊಡ್ಡ ದೊಡ್ಡ ಸಕ್ಕರೆ ಉಂಡೆ ತುಂಬಿಕೊಂಡು, ಆ ಚೀಟಿಯ ಮೇಲೆ ಬಗ್ಗಿದೆವು. ಅವಳು ಒಂದು ಪದದ ಮೇಲೆ ಬೆರಳಿಟ್ಟು ಹುಬ್ಬು ಏರಿಸಿದರೆ ನಾನು ತಲೆ ಆಡಿಸುವುದು. ಗೊತ್ತಾಗದಿದ್ದರೆ ಅಭಿನಯ. 'ಮನೆ' ಎಂಬಲ್ಲಿ ನಾನು ತಲೆಯ ಮೇಲೆ ಕೈಯಿಂದ ಸೂರು ಮಾಡಿ ತೋರಿಸಿದೆ. 'ಒಲವು' ಎಂಬಲ್ಲಿ ಏನು ತೋರಿಸಬೇಕೆಂದು ತಿಳಿಯದೆ ಗೋಡೆಗೆ ನೇತುಹಾಕಿದ್ದ ಏಬೆಲ್‌ರ ಕೋಟನ್ನು ತಬ್ಬಿಕೊಂಡೆ. ಟ್ರಿಫೀನಾಳಿಗೆ ನಗು ತಡೆಯದೆ ಸಕ್ಕರೆ ಉಂಡೆ ಗಂಟಲಿಗೆ ಹೋಗಿ, ಬೆನ್ನು ಗುದ್ದಿ ಗುದ್ದಿ ಹೊರಗೆ ತರಬೇಕಾಯಿತು.

ಆಮೇಲೆ ನಿದ್ದೆಯ ಭಯ. ಅವಳು ಬಾಡಿಗೆಗಿದ್ದದ್ದು ಮಿಸೆಸ್ ಸ್ಟಾಟ್ ಎಂಬಾಕೆಯ ಮನೆಯಲ್ಲಿ. ಹಗ್ಗ ಹೊಸೆಯುವವನ ವಿಧವೆ, ಪ್ರಾರ್ಥನಾಮಂದಿರದಲ್ಲಿ ಮುಂದಿನ ಸಾಲಿನವಳು. ನಾಟಕದ ಸುದ್ದಿ ತನ್ನ ಸೂರಿನಡಿ ಬರಕೂಡದು ಎಂಬ ಮಾತಿನ ಮೇಲೆ ಕೋಣೆ ಕೊಟ್ಟವಳು. ಟ್ರಿಫೀನಾ ಮಲಗುವಾಗ ದವಡೆಯಿಂದ ನೆತ್ತಿಗೆ ಕಾಲುಚೀಲ ಸುತ್ತಿ ಬಿಗಿಯಾಗಿ ಗಂಟು ಹಾಕಿಕೊಳ್ಳತೊಡಗಿದಳು. ಬೆಳಗ್ಗೆ ಚಹಾ ತಂದ ಮಿಸೆಸ್ ಸ್ಟಾಟ್ ಅದನ್ನು ನೋಡಿ, "ಅಯ್ಯೋ, ಹಲ್ಲುನೋವಾ?" ಎಂದಳು. ಅಲ್ಲ ಎಂದರೆ ಕಾರಣ ಹೇಳಬೇಕು. ಟ್ರಿಫೀನಾ ಹೌದೆಂದು ತಲೆ ಆಡಿಸಿದಳು.

"ಆ ಪಾಪದ ಮನೇಲಿ ಹೊಗೆ ಕುಡೀತಾ ನೇತಾಡಿದ್ರೆ ಹಲ್ಲು ಹೋಗ್ದೆ ಇನ್ನೇನಾಗುತ್ತೆ? ಬಾಯಿ ಬಿಡು," ಎಂದು ಲವಂಗದೆಣ್ಣೆ ಹಚ್ಚಿದಳು. ದಿನಾ ಬೆಳಗ್ಗೆ ಹಚ್ಚಿದಳು. ಟ್ರಿಫೀನಾ ತಾಲೀಮಿಗೆ ಬಂದರೆ ಇಡೀ ರಂಗ ಲವಂಗ ಚುಚ್ಚಿದ ಹಬ್ಬದ ಹಂದಿಮಾಂಸದ ಹಾಗೆ ಘಮಘಮ ಎನ್ನುತ್ತಿತ್ತು.

ತಾಲೀಮಿನಲ್ಲಿ ಅವಳು ಕೇಳಿದಳು: "ಯಜಮಾನ್ರೇ, ಸಾಲು ಹೇಳೋ ಹಾಗಿಲ್ಲ. ಆ ಜಾಗದಲ್ಲಿ ಏನು ಹೇಳ್ಲಿ?"

"ಏನಾದ್ರೂ ಅನ್ನು. ಟಂಟಂ ಟಂಟಂ ಟಂ ಅನ್ನು."

ಅವಳು ಅಂದಳು. ಕಾದಿಟ್ಟ ಆಸೆಯನ್ನೆಲ್ಲ ಅದರಲ್ಲೇ ಸುರಿದು ಅಂದಳು. ಒಂದು ದಿನ ರಾಣಿಯ ಗತ್ತಿನಲ್ಲಿ "ಟಂಟಂ ಟಂಟಂ ಟಂ!" ಮರುದಿನ ಮಗನನ್ನು ಯುದ್ಧಕ್ಕೆ ಕಳಿಸುವ ತಾಯಿಯ ಹಾಗೆ, ಗಂಟಲು ತುಂಬಿ, "ಟಂ... ಟಂ..." ಕೋಡಂಗಿಯ ವೇಷದವನು ನೆಲದ ಮೇಲೆ ಹೊರಳಾಡಿ ನಕ್ಕ. ಪಿಟೀಲಿನವರು ಅದಕ್ಕೆ ರಾಗ ಕಟ್ಟಿದರು. ಆ ಹೊತ್ತಿಗೆ ಸರಿಯಾಗಿ ಮೇಲಿನ ಅಟ್ಟದಲ್ಲಿ ಗಾರ್ಬಟ್ ಹಗ್ಗ ಸಡಿಲಿಸುತ್ತಿದ್ದ, ಗುಲಾಬಿ ಮೆಲ್ಲಗೆ ಇಳಿಯುತ್ತಿತ್ತು, ತೆರೆ ಬೀಳುತ್ತಿತ್ತು. ಎಲ್ಲ ಅಚ್ಚುಕಟ್ಟು.

ಗಾರ್ಬಟ್ ಹಿಂದೆ ತಿಮಿಂಗಿಲ ಬೇಟೆಯ ಹಡಗಿನಲ್ಲಿದ್ದವನು. ನಮ್ಮಲ್ಲಿ ಹಗ್ಗದ ಕೆಲಸದವರೆಲ್ಲ ಹಳೆಯ ನಾವಿಕರೇ. ಹಿಂದಿನ ವರ್ಷ ಪಕ್ಕದ ಪರದೆಯ ಮರೆಯಿಂದ ಯಾರೋ ಸುಮ್ಮನೆ ನಟನ ಮಾತನ್ನು ಅಣಕಿಸಿದ್ದನ್ನು, ಹಗ್ಗ ಬಿಡಲು ಗೊತ್ತುಮಾಡಿದ ಗುರುತೆಂದು ತಿಳಿದು ಅವನು ಹಗ್ಗ ಬಿಟ್ಟದ್ದರಿಂದ, ರಾಜಕುಮಾರನ ತಲೆಯ ಮೇಲೆ ರಟ್ಟಿನ ಚಂದ್ರ ಬಿದ್ದಿದ್ದ. ಆಗ ಯಜಮಾನರು ಎಲ್ಲರೆದುರು ಅವನಿಗೆ ಬೈದು, "ಇನ್ಮುಂದೆ ಗುರುತಿನ ಮಾತು, ಹೇಳ್ಬೇಕಾದವರ ಬಾಯಿಂದ್ಲೇ ಬರೋವರೆಗೂ ಹಗ್ಗ ಮುಟ್ಬೇಡ. ದೇವರೇ ಬಂದು ಹೇಳಿದ್ರೂ ಮುಟ್ಬೇಡ!" ಎಂದಿದ್ದರು. ಗಾರ್ಬಟ್ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವನು.

ಕ್ರಿಸ್‌ಮಸ್ಸಿನ ಮರುದಿನ ಸಂಜೆ, ಮೊದಲ ಪ್ರದರ್ಶನಕ್ಕೆ, ಟ್ರೈಟನ್ ತುಂಬಿ ತುಳುಕಿತು. ಎಲ್ಲಕ್ಕೂ ಮೇಲಿನ ಅಗ್ಗದ ಅಂತಸ್ತಿನಲ್ಲಿ ಕೂರುವವರನ್ನು ನಾವು ದೇವತೆಗಳು ಎನ್ನುತ್ತೇವೆ, ಅಷ್ಟು ಎತ್ತರದಲ್ಲಿರುತ್ತಾರೆ. ಆ ಸಂಜೆಯ ದೇವತೆಗಳು ಬಂದರಿನ ಹಮಾಲರು, ಮೀನು ಸೀಳುವ ಹೆಂಗಸರು, ಮಡಿಲ ತುಂಬ ಕಿತ್ತಳೆ ಹಣ್ಣು, ಕೈಯಲ್ಲಿ ಮಾಂಸದ ಕಡುಬು. ಸಿಪ್ಪೆ ಎಲ್ಲಿಗೆ ಎಸೆಯುತ್ತಾರೆಂದು ಕೆಳಗಿದ್ದವರಿಗೆ ಗೊತ್ತಿತ್ತು. ಮುಖಕ್ಕೆ ಕಪ್ಪು ಜಾಲರಿ ಇಳಿಬಿಟ್ಟುಕೊಂಡ ಒಬ್ಬಾಕೆ ಅವರ ನಡುವೆ ನೆಟ್ಟಗೆ ಕೂತಿದ್ದಳು. ಯಾರೋ ಗಂಡ ಕಳೆದುಕೊಂಡವಳು ಎಂದುಕೊಂಡೆ.

ಟ್ರಿಫೀನಾಳ ಪಟ್ಟಿ ಬಿಗಿದವಳು ನಾನು. ಕೊಂಡಿ ಹಾಕಿ, ಎರಡು ಸಲ ಎಳೆದು ನೋಡಿ, ಹೊಳೆಯುವ ತೆಳುಬಟ್ಟೆಯನ್ನು ಅದರ ಮೇಲೆ ಇಳಿಬಿಟ್ಟೆ.

"ಪೆಕ್ಕಮ್ಮ, ಬಾಯೊಳಗೆ ಗುಬ್ಬಚ್ಚಿ ಇಟ್ಕೊಂಡ ಹಾಗಿದೆ."

"ಇನ್ನು ಸ್ವಲ್ಪ ಹೊತ್ತು ಕಚ್ಚಿ ಹಿಡ್ಕೋ."

ಪರದೆಗಳು ಮೇಲೇರಿದವು. ಏಬೆಲ್ ದೀಪದ ಸಾಲುಗಳನ್ನು ಒಂದೊಂದಾಗಿ ಹಿಗ್ಗಿಸಿದರು. ಕಂಬಿಗಳಿಗೆ ತೂಗುಹಾಕಿದ ದೊಡ್ಡ ಚಿಪ್ಪುಗಳು ಬಿಚ್ಚಿಕೊಂಡವು, ಚಿಪ್ಪಿಗೊಬ್ಬಳು ಯಕ್ಷಿ. ತಟ್ಟೆಗಳಲ್ಲಿ ಕೆಂಪು ಪುಡಿ ಉರಿಸಿದರು. ಹೊಗೆ ಎದ್ದು ಎಲ್ಲ ದಾಳಿಂಬೆಯ ಬಣ್ಣವಾಯಿತು. ಅದರ ಮೇಲೆ ಗುಲಾಬಿ ಅರಳಿತು, ಒಳಗೆ ಟ್ರಿಫೀನಾ. ಪಿಟೀಲು ನಿಂತಿತು. ಅವಳು ಹೇಳಿದಳು:

"ಕತ್ತಲೆ ಕರಗಿತು, ಕಷ್ಟವು ನೀಗಿತು, ನಗುನಗುತಾ ನಡೆಯಿರಿ ಮನೆಗೆ;
ಹತ್ತಿರ ಕುಳಿತವರೊಲವನು ಹಂಚಿರಿ, ಹಬ್ಬದ ಬೆಳಕಿರಲಿ ಕೊನೆಗೆ!"

ಒಂದಕ್ಷರ ತಪ್ಪಲಿಲ್ಲ. ಗಂಟೆ ಹೊಡೆದ ಹಾಗೆ ಹೇಳಿದಳು. ಜನ ಚಪ್ಪಾಳೆ ತಟ್ಟಿತು, ಕೋಟು ಹುಡುಕಿಕೊಂಡು ಎದ್ದಿತು.

ಗುಲಾಬಿ ಇಳಿಯಲಿಲ್ಲ. ತೆರೆ ಬೀಳಲಿಲ್ಲ.

ಎದ್ದವರು ನಿಂತರು. ಟ್ರಿಫೀನಾ ಮುಗುಳ್ನಗುತ್ತಲೇ ಇದ್ದಳು. ಚಿಪ್ಪಿನೊಳಗಿನ ಒಬ್ಬಳಿಗೆ ಸೀನು ಬಂತು. ಟ್ರಿಫೀನಾ ಸಾಲುಗಳನ್ನು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದಳು. ಏನೂ ಆಗಲಿಲ್ಲ.

"ಹೋಗಿ ಅಂತೀಯ, ನೀನ್ಯಾಕಮ್ಮ ಹೋಗ್ತಿಲ್ಲ?" ಎಂದು ಮೇಲಿಂದ ಒಬ್ಬ ದೇವತೆ ಕೂಗಿದ.

ಇತ್ತ ಯಜಮಾನರು ಪಕ್ಕದ ಪರದೆಯ ಮರೆಯಲ್ಲಿ ಕುಣಿಯುತ್ತಿದ್ದರು. ಸಿಳ್ಳೆ ಹಾಕುವಂತಿಲ್ಲ, ನಾವಿಕರಿಗೆ ಸಿಳ್ಳೆ ಎಂದರೆ ಎಲ್ಲ ಹಗ್ಗ ಒಟ್ಟಿಗೆ ಬಿಡುವ ಅಪ್ಪಣೆ, ಇಡೀ ಸ್ವರ್ಗ ನೆಲಕ್ಕೆ ಬೀಳುತ್ತದೆ. ಅವರು ಅಟ್ಟದ ಕೆಳಗೆ ಓಡಿಹೋಗಿ, ಬಾಯಿಗೆ ಎರಡೂ ಕೈ ಒಡ್ಡಿ, "ಗಾರ್ಬಟ್! ಬಿಡೋ!" ಎಂದರು.

ಹೊಗೆಯೊಳಗಿಂದ ಉತ್ತರ ಬಂತು. "ಗುರುತು ಬಂದಿಲ್ಲ ಯಜಮಾನ್ರೇ."

"ಯಾವ ಗುರುತೋ? ಎರಡು ಸಲ ಹೇಳಿದ್ಲಲ್ಲೋ!"

"ಅವಳು ಏನೇನೋ ಪದ್ಯ ಹೇಳ್ತಿದಾಳೆ. ಟಂಟಂ ಇನ್ನೂ ಬಂದಿಲ್ಲ."

ಯಜಮಾನರು ತಮ್ಮ ಬೋಳುತಲೆಗೆ ತಾವೇ ಹೊಡೆದುಕೊಂಡರು. ಸಾಲನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದೆಲ್ಲ ಟಂಟಂ. ತೆರೆಯವನೂ ಅದಕ್ಕೇ ಕಿವಿಗೊಟ್ಟು ನಿಂತಿದ್ದ.

"ಟಂಟಂ ಟಂಟಂ ಟಂ!" ಎಂದರು ಯಜಮಾನರು. "ಸಾಕಾ?"

"ಅದು ನಿಮ್ಮ ಬಾಯಿ," ಎಂದ ಗಾರ್ಬಟ್. "ಹೇಳ್ಬೇಕಾದವರ ಬಾಯಿಂದ್ಲೇ ಬರ್ಬೇಕು, ದೇವರೇ ಹೇಳಿದ್ರೂ ಮುಟ್ಬೇಡ ಅಂದಿದ್ರಿ. ನೀವೇನು ದೇವರಿಗಿಂತ ದೊಡ್ಡೋರಾ?"

ಮೇಲೆ ಟ್ರಿಫೀನಾಳಿಗೆ ಇದೊಂದೂ ಕೇಳಿಸುತ್ತಿರಲಿಲ್ಲ. ಅವಳಿಗೆ ಕಂಡದ್ದು ಎರಡೇ: ತುಂಬಿದ ಸಭೆ, ಬೀಳದ ತೆರೆ. ಹುಟ್ಟಿದಾಗಿನಿಂದ ಅವಳು ಬೇಡಿದ್ದು ಒಂದೇ ಒಂದು ಮಾತು. ಈಗ ಎಷ್ಟು ಬೇಕಾದರೂ ಆಡು ಎಂದು ಬಿಟ್ಟುಬಿಟ್ಟ ಹಾಗಿತ್ತು. ಅವಳ ಮುಖದ ಬಣ್ಣ ಬದಲಾದದ್ದನ್ನು ನಾನು ಕೆಳಗಿನಿಂದಲೇ ಕಂಡೆ. ಹೆದರಿಕೆ ಹೋಯಿತು. ಕೈಯಲ್ಲಿದ್ದ ನಕ್ಷತ್ರದ ಕೋಲನ್ನು ಭುಜದ ಮೇಲೆ ಒಗೆದುಕೊಂಡು, ಮೀನುಪೇಟೆಯ ಹೆಂಗಸಿನ ಹಾಗೆ ಸೊಂಟಕ್ಕೆ ಕೈ ಇಟ್ಟು, ತಾನೇ ಕಟ್ಟಿ ಹಾಡಿದಳು:

"ಇಳಿಯಲು ಮನಸಿದೆ, ಇಳಿಸುವರಿಲ್ಲ, ಗುಲಾಬಿ ಮುಳ್ಳಲಿ ಸಿಕ್ಕಿದ್ದೇನೆ;
ಹೆರಿಂಗು ಮೀನನು ಬಿಸಿಲಲಿ ತೂಗಿದ ಹಾಗೆಯೆ ಇಲ್ಲಿ ಒಣಗಿದ್ದೇನೆ!"

ನಗುವಿಗೆ ಸಭೆಯೇ ಸಿಡಿದುಹೋಯಿತು. ಕೋಟು ಹಾಕಿಕೊಂಡವರು ಕಳಚಿ ಕೂತರು.

"ಉಪ್ಪು ಹಾಕ್ಬೇಕೇನಮ್ಮಾ?" ಎಂದು ಒಬ್ಬ ಹಮಾಲ ಕೂಗಿದ.

"ನಿನ್ನ ಹೆಂಡ್ತಿ ಹತ್ರ ಇಸ್ಕೊಂಡು ಬಾ! ನಿನ್ನ ಗಂಜೀಗೆ ಅವಳು ಹಾಕೋದೇ ಇಲ್ವಂತೆ, ಡಬ್ಬ ತುಂಬ ಉಳಿದಿರುತ್ತೆ!"

ಅವನ ಹೆಂಡತಿ ಪಕ್ಕದಲ್ಲೇ ಇದ್ದಳು. ಅವಳೇ ಮೊದಲು ಚಪ್ಪಾಳೆ ತಟ್ಟಿದ್ದು. ಒಬ್ಬನ ಬೋಳು, ಇನ್ನೊಬ್ಬಳ ಟೋಪಿಯ ಗರಿ, ಮುಂದಿನ ಸಾಲಿನ ಕಸ್ಟಮ್ಸ್ ಸಾಹೇಬರ ಗೊರಕೆ, ಯಾರನ್ನೂ ಬಿಡಲಿಲ್ಲ ಅವಳು. ಒಂದು ಕಿತ್ತಳೆ ಹಣ್ಣು ಹಾರಿ ಬಂತು, ಅದನ್ನು ಹಿಡಿದು, ಸುಲಿದು, ತಿನ್ನುತ್ತ, "ಇನ್ನೊಂದು ಸಿಹಿಯಾಗಿರೋದು ಎಸೀರಪ್ಪ!" ಎಂದಳು. ನೇತಾಡುತ್ತಿದ್ದ ಯಕ್ಷಿಯರೆಲ್ಲ ನಕ್ಕು ನಕ್ಕು ಕಂಬಿಗಳು ಜೋಕಾಲಿಯ ಹಾಗೆ ತೂಗತೊಡಗಿದವು. ಕೆಳಗೆ ನಾನು ಬಣ್ಣದ ಬಕೆಟ್ಟಿನ ಮೇಲೆ ಕೂತುಬಿಟ್ಟೆ.

ಅಷ್ಟರಲ್ಲಿ ಗುಲಾಬಿಯ ಪಕ್ಕದ ಮೋಡ ಅಲುಗಾಡಿತು. ಯಜಮಾನರು ಹಿಂದಿನ ಏಣಿ ಹತ್ತಿದ್ದರು. ಮೋಡದ ಬಟ್ಟೆಯನ್ನು ಸರಿಸಿ ಗುಟ್ಟಾಗಿ ಅವಳಿಗೆ ಹೇಳಿ ಇಳಿಯಬೇಕೆಂಬುದು ಅವರ ಲೆಕ್ಕ. ಹಳೆಯ ಬಟ್ಟೆ, ಭಾರದ ಮೈ. ಪರ್‍ರೆಂದು ಹರಿದು ತಲೆ ಹೊರಗೆ ಬಂತು, ಹೊಟ್ಟೆ ಒಳಗೆ ಸಿಕ್ಕಿತು. ಆ ಕೆಂಪು ಬೆಳಕಿನಲ್ಲಿ ಅವರ ಬೋಳುತಲೆ ಥಳಥಳ ಹೊಳೆಯಿತು.

"ಚಂದ್ರ!" ಎಂದು ಮೀನು ಸೀಳುವವಳೊಬ್ಬಳು ಕಿರುಚಿದಳು. "ನೋಡ್ರೇ, ಚಂದ್ರ ಬಂದ!"

"ಪೂರ್ತಿ ಹುಣ್ಣಿಮೆ ಕಣೇ!"

"ಟಂಟಂ ಅನ್ನೇ!" ಎಂದು ಯಜಮಾನರು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದರು. ಅವರ ಪಿಸುಮಾತು ಕೊನೆಯ ಬೆಂಚಿಗೂ ಕೇಳಿಸುತ್ತದೆ. "ಗಾರ್ಬಟ್ ಅದಕ್ಕೇ ಕಾಯ್ತಿದಾನೆ! ಟಂಟಂ ಅಂದ್ರೆ ಸಾಕು, ಇಳಿಸ್ತಾನೆ!"

ಟ್ರಿಫೀನಾಳಿಗೆ ಆಗ ಅರ್ಥವಾಯಿತು. ಬಾಯಿ ತೆರೆದಳು. ಆಮೇಲೆ ಮುಚ್ಚಿದಳು. ಒಂದು ಮಾತು ಆಡಿದರೆ ಎಲ್ಲ ಮುಗಿಯುತ್ತದೆ, ತೆರೆ ಬೀಳುತ್ತದೆ, ಆಚೆ ಕಡೆ ಬಟ್ಟೆಕೋಣೆ ಇದೆಯೋ ಈಸ್ಟರ್ ಇದೆಯೋ ಯಾರಿಗೆ ಗೊತ್ತು. ಸಾಲು ಸರಿಯಾಗಿ ಹೇಳಿದ್ದು ನಿಜ, ಆಟ ಕೆಟ್ಟದ್ದೂ ನಿಜ. ಅವಳು ಜನದ ಕಡೆಗೆ ತಿರುಗಿದಳು.

"ಮಹಾಜನಗಳೇ, ಈ ಚಂದ್ರಪ್ಪ ನನ್ನ ಇಳಿ ಅಂತಾನೆ. ಇಳೀಲಾ?"

"ಬೇಡಾ!" ಎಂದು ಸಭೆಯೆಲ್ಲ ಕೂಗಿತು.

"ಇಳಿದ್ರೆ ನಂಗೆ ಗುಂಡಿ ಹೊಲಿಯೋ ಕೆಲಸ ಕೊಡ್ತಾನಂತೆ. ಹೊಲೀಲಾ?"

"ಬೇಡಾ!"

"ಹಾಗಾದ್ರೆ ಕೇಳ್ರಪ್ಪ ಅವನ್ನ, ಈಸ್ಟರ್‌ಗೆ ನಂಗೆ ಮಾತಿನ ಪಾತ್ರ ಕೊಡ್ತಾನಾ ಅಂತ!"

ಅವರು ಕೇಳಿದರು. ಕಾಲಿನಿಂದ ಕೇಳಿದರು, ಕೋಲಿನಿಂದ ಕೇಳಿದರು, ಬೆಂಚು ಎತ್ತಿ ಕುಕ್ಕಿ ಕೇಳಿದರು. ಆ ಗದ್ದಲದ ನಡುವೆ ಮೇಲಿನ ಅಂತಸ್ತಿನಲ್ಲಿ ಕಪ್ಪು ಜಾಲರಿಯ ಹೆಂಗಸು ಎದ್ದು ನಿಂತಳು. ಜಾಲರಿಯನ್ನು ಹಿಂದಕ್ಕೆ ಎಸೆದಳು. ಮಿಸೆಸ್ ಸ್ಟಾಟ್!

"ಕೊಡಯ್ಯಾ ಅವಳಿಗೆ ಮಾತು!" ಎಂದು ಪ್ರಾರ್ಥನಾಮಂದಿರದ ದನಿಯಲ್ಲಿ ಗುಡುಗಿದಳು. "ಆ ಬಾಯಿ ರಿಪೇರಿ ಮಾಡಿದ್ದು ನಾನು! ದಿನಾ ಲವಂಗದೆಣ್ಣೆ ಹಚ್ಚಿದೀನಿ! ಗುಂಡಿ ಹೊಲಿಯೋಕಲ್ಲ!"

ಯಜಮಾನರಿಗೆ ಮೋಡ ಕುತ್ತಿಗೆ ಒತ್ತುತ್ತಿತ್ತು. ಕೆಳಗೆ ಅವರ ಕಾಲುಗಳು ಗಾಳಿಯಲ್ಲಿ ಏಣಿಯ ಮೆಟ್ಟಿಲು ಹುಡುಕುತ್ತಿದ್ದವು.

"ಕೊಡ್ತೀನಿ!" ಎಂದರು. "ಈಸ್ಟರ್‌ಗೆ ಕೊಡ್ತೀನಿ! ಮಾತಿರೋ ಪಾತ್ರ!"

"ಒಂದೇ ಮಾತೋ, ತುಂಬಾನೋ?"

"ತುಂಬಾ ಕಣೇ ಮಾರಾಯ್ತಿ, ತುಂಬಾ!"

ಟ್ರಿಫೀನಾ ಕಿತ್ತಳೆಯ ಕೊನೆಯ ತೊಳೆಯನ್ನು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ನುಂಗಿದಳು. ಕೈ ಒರೆಸಿಕೊಂಡು, ಕೋಲು ಎತ್ತಿ, "ನಾನು ಹೇಳಿದ ಮೇಲೆ ನೀವೂ ಹೇಳ್ಬೇಕು," ಎಂದು ಜನಕ್ಕೆ ಹೇಳಿ, ತಾಲೀಮಿನ ಯಾವ ದಿನವೂ ಹೇಳದಷ್ಟು ಸಲೀಸಾಗಿ, ನೆರೆಮನೆಯವರಿಗೆ ಬರ್ತೀನಿ ಎಂದು ಹೇಳುವ ಹಾಗೆ ಹೇಳಿದಳು:

"ಟಂಟಂ ಟಂಟಂ ಟಂ."

"ಟಂಟಂ ಟಂಟಂ ಟಂ!" ಎಂದಿತು ಸಭೆ. ಹೊರಗೆ ಬೀದಿಯಲ್ಲಿ ಕಡಲೆ ಹುರಿಯುವವನ ಕತ್ತೆ ಬೆದರಿ ಓಡಿತಂತೆ.

ಕಾದೂ ಕಾದೂ ಗಾರ್ಬಟ್‌ನ ಕೈ ಜೋಮು ಹಿಡಿದಿತ್ತು. ಹಗ್ಗ ಸರ್ರೆಂದು ಜಾರಿತು. ಗುಲಾಬಿ ಮೆಲ್ಲಗೆ ಇಳಿಯಲಿಲ್ಲ. ಬಕೆಟ್ಟು ಬಾವಿಗಿಳಿದ ಹಾಗೆ ಇಳಿಯಿತು. ಟ್ರಿಫೀನಾ ವೇಷಕ್ಕೆ ತೊಟ್ಟಿದ್ದ ಚಿನ್ನದ ಕಟ್ಟುಗೂದಲು ಮೇಲಿನ ಕೊಕ್ಕೆಯಲ್ಲೇ ಉಳಿದು ಯಜಮಾನರ ಮುಖದ ಮುಂದೆ ತೂಗಾಡಿತು. ಅವಳು ತನ್ನ ಕಂದುಗೂದಲ ಜಡೆಯಲ್ಲಿ ಕೆಳಗೆ ಕುಪ್ಪಳಿಸಿ ನಿಂತು, ರಾಣಿಯ ಹಾಗೆ ಮಂಡಿ ಬಗ್ಗಿಸಿ ವಂದಿಸಿದಳು. ತೆರೆ ಬಿತ್ತು. ಯಜಮಾನರನ್ನು ಮೋಡದಿಂದ ಕತ್ತರಿಸಿ ತೆಗೆದವಳು ನಾನು. ಬಟ್ಟೆಯ ಕೆಲಸವೆಲ್ಲ ನನ್ನದೇ ಅಲ್ಲವೇ.

ಕೆಳಗಿಳಿದ ಯಜಮಾನರು ಅವಳನ್ನು ಬೈಯಲು ಬಾಯಿ ತೆರೆದರು. ಆದರೆ ಬಾಗಿಲಾಚೆ ಜನ ಹೋಗುತ್ತಲೇ ಇರಲಿಲ್ಲ, "ಟಂಟಂ" ಎನ್ನುತ್ತ ನಿಂತಿತ್ತು. ಮರುದಿನ ಹಿಂದಿನ ದಿನದವರೇ ನೆಂಟರನ್ನು ಕರೆದುಕೊಂಡು ಬಂದು, ಚಂದ್ರ ಎಲ್ಲಿ ಎಂದು ಗಲಾಟೆ ಮಾಡಿದರು. ಆ ಚಳಿಗಾಲವೆಲ್ಲ ದಿನವೂ ಯಜಮಾನರು ಗೊಣಗುತ್ತಲೇ ಏಣಿ ಹತ್ತಿದರು. ನಾನು ಮೋಡಕ್ಕೆ ಅವರ ತಲೆಯ ಅಳತೆಯ ತೂತು ಮಾಡಿ ಅಂಚು ಹೊಲಿದೆ. ಹೊಳೆಯಲಿ ಎಂದು ಅವರು ತಲೆಗೆ ಗುಟ್ಟಾಗಿ ಹಂದಿಕೊಬ್ಬು ಸವರಿಕೊಳ್ಳುತ್ತಿದ್ದುದನ್ನು ಏಬೆಲ್ ಕಣ್ಣಾರೆ ಕಂಡಿದ್ದರು.

ಈಸ್ಟರ್‌ಗೆ ಟ್ರಿಫೀನಾ ಹೋಟೆಲಿನ ಒಡತಿಯಾದಳು. ನಾಟಕದ ಮೊದಲ ಅಂಕದಲ್ಲಿ ಅತಿಥಿಯನ್ನು ಬೈಯುವ ಪಾತ್ರ. ಆಮೇಲೆ ಗಯ್ಯಾಳಿ ಅತ್ತೆ, ಕಿವುಡಿ ಡಚೆಸ್, ಹಡಗು ಕದ್ದ ಅಜ್ಜಿ. ಬರೆದದ್ದು ಸಾಲದೆ ಅವಳು ಸೇರಿಸಿಕೊಂಡದ್ದೇ ಹೆಚ್ಚು. "ಟ್ರಿಫಿ, ದಯವಿಟ್ಟು ಇಲ್ಲಿ ನಿಲ್ಸು," ಎಂದು ಯಜಮಾನರು ಪಕ್ಕದ ಪರದೆಯ ಮರೆಯಿಂದ ಕೈಮುಗಿಯುವುದನ್ನು ನೋಡಲೆಂದೇ ಕೆಲವರು ಪಕ್ಕದ ಸೀಟು ಕೇಳುತ್ತಿದ್ದರು. ಕತ್ತೆಯ ಹಿಂಭಾಗದಲ್ಲಿದ್ದ ಹುಡುಗಿಯರಿಗೆಲ್ಲ ಅವಳು ತನ್ನ ಪಾತ್ರದಿಂದ ಒಂದೊಂದು ಮಾತು ಕಿತ್ತು ಕೊಡುತ್ತಿದ್ದಳು. "ಇದು ನಿಂದು. ಯಾರಿಗೂ ತಿನ್ನೋಕೆ ಬಿಡ್ಬೇಡ," ಎನ್ನುತ್ತಿದ್ದಳು. ಅವರಲ್ಲಿ ಇಬ್ಬರು ಈಗ ಲೀಡ್ಸ್‌ನಲ್ಲಿ ದೊಡ್ಡ ಹೆಸರು ಮಾಡಿದ್ದಾರೆ.

ಏಬೆಲ್ ಹೋದರು. ಗಾರ್ಬಟ್ ಹೋದ. ಯಜಮಾನರೂ ಹೋದರು. ಟ್ರಿಫೀನಾ ಕೆಲಸ ಬಿಟ್ಟು ಮಿಸೆಸ್ ಸ್ಟಾಟ್ ಜೊತೆ ಅದೇ ಮನೆಯಲ್ಲಿದ್ದಾಳೆ. ನಾಟಕದ ಸುದ್ದಿ ಆ ಸೂರಿನಡಿ ಬರಕೂಡದೆಂಬ ಕಟ್ಟಳೆ ಈಗಲೂ ಇದೆ, ಆದ್ದರಿಂದ ಇಬ್ಬರೂ ಅದನ್ನು ಹಿತ್ತಲ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಾರೆ. ಮೀನುಕಟ್ಟೆಯಲ್ಲಿ ಕೊನೆಯ ಪೀಪಾಯಿ ತುಂಬಿದಾಗ ಹೆಂಗಸರು ಚಾಕು ಒರೆಸಿಕೊಂಡು "ಟಂಟಂ ಟಂಟಂ ಟಂ" ಎನ್ನುತ್ತಾರೆ. ಚಿಕ್ಕವರಿಗೆ ಅದು ಎಲ್ಲಿಂದ ಬಂತೆಂದು ಗೊತ್ತಿಲ್ಲ. ಟ್ರೈಟನ್ನಿನಲ್ಲಿ ಮಾತ್ರ ಕೊನೆಯ ಸಾಲು ಮುಗಿದ ಮೇಲೆ ಜನ ಅದನ್ನು ಹೇಳದೆ ಹಗ್ಗದವರು ಇಂದಿಗೂ ಗುಲಾಬಿ ಇಳಿಸುವುದಿಲ್ಲ.

ಈ ಕ್ರಿಸ್‌ಮಸ್ಸಿಗೆ ಲೆಟಿ ಎಂಬ ಹೊಸ ಹುಡುಗಿ ಯಕ್ಷಿರಾಣಿ. ಅವಳಿಗೂ ಇದು ಮೊದಲ ಮಾತು. ಅವಳಿಗೆ ಪಟ್ಟಿ ಕಟ್ಟುತ್ತಿದ್ದವಳು ನಾನೇ. ಪರದೆಯ ಸಂದಿಯಿಂದ ಮೇಲಿನ ಅಂತಸ್ತು ಕಾಣುತ್ತಿತ್ತು: ಮುಂದಿನ ಸಾಲಿನಲ್ಲಿ ಇಬ್ಬರು ಮುದುಕಿಯರು, ಒಬ್ಬಳ ಜಾಲರಿ ಆಗಲೇ ಹಿಂದಕ್ಕೆ ಬಿದ್ದಿತ್ತು, ಇನ್ನೊಬ್ಬಳ ಮಡಿಲ ತುಂಬ ಕಿತ್ತಳೆ.

"ಪೆಕ್ಕಮ್ಮ, ಮೇಲೆ ಏನೂ ತೊಂದ್ರೆ ಆಗಲ್ಲ ತಾನೇ?" ಎಂದಳು ಲೆಟಿ.

"ಏನಾದ್ರೂ ಆಗ್ಲಿ ಅಂತ ಬೇಡ್ಕೋ ಮಗಳೇ," ಎಂದು, ಕೊಂಡಿಯನ್ನು ಇನ್ನೊಂದು ತೂತಿಗೆ ಬಿಗಿದು, ಎರಡು ಸಲ ಎಳೆದು ನೋಡಿದೆ.